ಜಠರ ಯಾವ ಅಂಗಾಂಶ? ಓಡುವಾಗ ಅಪ್ಪಣೆ ಯಾರದು?

ಪ್ರಶ್ನೆ: ನನ್ನ ಮಗಳು ನಾಲ್ಕು ಬಗೆಯ ಪ್ರಾಣಿ ಅಂಗಾಂಶಗಳನ್ನೂ ಹನ್ನೊಂದು ಅಂಗವ್ಯೂಹಗಳನ್ನೂ ಬಾಯಿಪಾಠ ಮಾಡಿದ್ದಾಳೆ. ಆದರೆ ಅವಳು ಕೇಳುವ ಪ್ರಶ್ನೆಗಳಿಗೆ ನನಗೆ ಉತ್ತರ ಹೊಳೆಯುತ್ತಿಲ್ಲ. ಜಠರ ಯಾವ ಅಂಗಾಂಶಕ್ಕೆ ಸೇರುತ್ತದೆ? ರಕ್ತ ನೀರಿನ ಹಾಗೆ ಹರಿಯುತ್ತದೆ, ಅದನ್ನು ಅಂಗಾಂಶ ಅನ್ನುವುದು ಹೇಗೆ? ಮೆಟ್ಟಿಲು ಓಡಿ ಹತ್ತುವಾಗ ಹೃದಯ, ಉಸಿರು, ಕಾಲು ಎಲ್ಲವೂ ಒಟ್ಟಿಗೆ ಜೋರಾಗುತ್ತವಲ್ಲ, ಅಷ್ಟಕ್ಕೂ ಮೆದುಳೇ ಅಪ್ಪಣೆ ಕೊಡುತ್ತದಾ? ಹನ್ನೊಂದು ಅನ್ನುವ ಲೆಕ್ಕ ಖಚಿತವಾ? ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ಪಾಠಪುಸ್ತಕಗಳು ಸಾಮಾನ್ಯವಾಗಿ ದಾಟಿಕೊಂಡು ಹೋಗುವ ಜಾಗದಲ್ಲೇ ನಿಮ್ಮ ಮಗಳು ನಿಂತಿದ್ದಾಳೆ. ಅಂಗಾಂಶಗಳದ್ದು ಒಂದು ಅಧ್ಯಾಯ, ಜೀರ್ಣಕ್ರಿಯೆಯದ್ದು ಇನ್ನೊಂದು, ಉಸಿರಾಟದ್ದು ಮತ್ತೊಂದು. ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ಮಕ್ಕಳೇ ಹುಡುಕಿಕೊಳ್ಳಬೇಕು.

ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಜಠರ ಯಾವುದೋ ಒಂದು ಅಂಗಾಂಶಕ್ಕೆ ಸೇರಿದ್ದಲ್ಲ, ಅನುಲೇಪಕ, ಸಂಯೋಜಕ, ಸ್ನಾಯು, ನರ ಈ ನಾಲ್ಕೂ ಸೇರಿ ಆದ ಅಂಗ. ರಕ್ತ ಸಂಯೋಜಕ ಅಂಗಾಂಶವೇ, ದ್ರವವಾಗಿರುವುದು ಅದಕ್ಕೆ ಅಡ್ಡಿಯಲ್ಲ. ಇನ್ನು ಓಡುವಾಗಿನ ಅಪ್ಪಣೆಯಲ್ಲಿ ಮೆದುಳಿನದ್ದು ಒಂದು ಪಾಲು ಮಾತ್ರ. ಬಹಳಷ್ಟು ತೀರ್ಮಾನ ಆಯಾ ಜಾಗದಲ್ಲೇ ಆಗಿಹೋಗುತ್ತದೆ, ಇನ್ನಷ್ಟು ಸುದ್ದಿ ರಕ್ತದ ಮೂಲಕ ಹೋಗುತ್ತದೆ. ಜೀರ್ಣಾಂಗ, ನರ, ರಕ್ತಪರಿಚಲನೆ ಎಂದು ಗೆರೆ ಎಳೆದದ್ದು ನಾವು, ಓದಲು ಸುಲಭವಾಗಲಿ ಎಂದು. ಕೆಲಸ ನಡೆಯುವಾಗ ಆ ಗೆರೆ ಎಲ್ಲೂ ಕಾಣುವುದಿಲ್ಲ.

ಜಠರದ ಗೋಡೆಯಲ್ಲಿ ಏನೇನಿದೆ

ಜಠರದ ಗೋಡೆ ಕೆಲವೇ ಮಿಲಿಮೀಟರ್ ದಪ್ಪ. ಅದನ್ನು ಒಳಗಿನಿಂದ ಹೊರಗೆ ಪದರ ಪದರವಾಗಿ ನೋಡುತ್ತಾ ಬನ್ನಿ. ಆಹಾರಕ್ಕೆ ತಾಗುವ ಮೊದಲ ಪದರ ಅನುಲೇಪಕ, ಅಂದರೆ ಹೊದಿಕೆಯ ಅಂಗಾಂಶ. ಉದ್ದುದ್ದ ಕೋಶಗಳು ಒಂದೇ ಸಾಲಿನಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ, ಲೋಳೆ ಸುರಿಸುತ್ತಿರುತ್ತವೆ. ಇದೇ ಪದರ ಅಲ್ಲಲ್ಲಿ ಒಳಕ್ಕೆ ಇಳಿದು ಸಣ್ಣ ಸಣ್ಣ ಗ್ರಂಥಿಗಳಾಗಿದೆ. ಆ ಗ್ರಂಥಿಗಳ ಕೆಲವು ಕೋಶಗಳು ಹೈಡ್ರೋಕ್ಲೋರಿಕ್ ಆಮ್ಲ ಮಾಡುತ್ತವೆ. ಬೇರೆ ಕೆಲವು, ಪ್ರೋಟೀನ್ ಒಡೆಯುವ ಪೆಪ್ಸಿನ್ನಿನ ಮೂಲರೂಪವನ್ನು ತಯಾರಿಸುತ್ತವೆ. ಇಂಥ ಆಮ್ಲದ ಪಕ್ಕ ಬದುಕುವ ಕೋಶಗಳಿಗೆ ಆಯಸ್ಸು ಕಡಿಮೆ. ಮೇಲಿನ ಸಾಲು ಕೆಲವೇ ದಿನಗಳಲ್ಲಿ ಪೂರ್ತಿ ಹೊಸದಾಗುತ್ತದೆ.

ಅದರ ಕೆಳಗಿರುವುದು ಸಂಯೋಜಕ ಅಂಗಾಂಶ. ರಕ್ತನಾಳಗಳು ಹರಡಿರುವುದು ಇಲ್ಲಿ. ಅನುಲೇಪಕದ ಒಳಗೆ ರಕ್ತನಾಳವೇ ಇಲ್ಲ. ಅದಕ್ಕೆ ಬೇಕಾದ ಪೋಷಕಾಂಶ, ಆಮ್ಲಜನಕ ಎಲ್ಲಾ ಈ ಕೆಳಗಿನ ಪದರದಿಂದ ಜಿನುಗಿ ಬರಬೇಕು. ಚರ್ಮವನ್ನು ತೀರಾ ಹಗುರವಾಗಿ ಗೀರಿಕೊಂಡಾಗ ರಕ್ತ ಬರದಿರುವುದೂ ಇದೇ ಕಾರಣಕ್ಕೆ. ಗೀರು ಅನುಲೇಪಕದಲ್ಲೇ ನಿಂತಿರುತ್ತದೆ.

ಆಮೇಲೆ ಸ್ನಾಯು. ಕರುಳಿನ ಗೋಡೆಯಲ್ಲಿ ಸ್ನಾಯುವಿನ ಮುಖ್ಯ ಪದರ ಎರಡು, ಜಠರದಲ್ಲಿ ಮೂರು: ಒಂದು ಉದ್ದಕ್ಕೆ, ಒಂದು ಸುತ್ತಲೂ, ಒಂದು ಓರೆಯಾಗಿ. ಆಹಾರವನ್ನು ಮುಂದಕ್ಕೆ ದೂಡುವುದಷ್ಟೇ ಅಲ್ಲ, ಹಿಂಡಿ ಕಲಸಬೇಕಲ್ಲ, ಅದಕ್ಕೆ ಈ ಮೂರನೆಯದು. ಸ್ನಾಯು ಪದರಗಳ ಮಧ್ಯೆ ನರ ಅಂಗಾಂಶದ ಬಲೆಯೊಂದು ಹರಡಿದೆ. ಜೀರ್ಣನಾಳದ ಗೋಡೆಯಲ್ಲಿ ಒಟ್ಟು ಹತ್ತಾರು ಕೋಟಿ ನರಕೋಶಗಳಿವೆ. ಮೆದುಳಿನಿಂದ ಬರುವ ನರಗಳನ್ನು ಪೂರ್ತಿ ಕತ್ತರಿಸಿದರೂ ಕರುಳು ಆಹಾರವನ್ನು ಮುಂದಕ್ಕೆ ತಳ್ಳುತ್ತಲೇ ಇರುತ್ತದೆ. ಕೊನೆಗೆ ಹೊರಮೈಗೆ ಮತ್ತೆ ತೆಳ್ಳನೆಯ ಅನುಲೇಪಕದ ಹೊದಿಕೆ. ಪಕ್ಕದ ಅಂಗಗಳಿಗೆ ಉಜ್ಜದೆ ಜಾರಲಿ ಎಂದು.

ಇಷ್ಟಕ್ಕೇ ಮುಗಿಯಲಿಲ್ಲ. ಜಠರದ ಕೆಲವು ಕೋಶಗಳು ಗ್ಯಾಸ್ಟ್ರಿನ್ ಅನ್ನುವ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಅಂದರೆ ಜಠರ ಜೀರ್ಣಾಂಗವೂ ಹೌದು, ಹಾರ್ಮೋನ್ ಗ್ರಂಥಿಯೂ ಹೌದು. ಪಟ್ಟಿಯಲ್ಲಿ ಒಂದೇ ಕಡೆ ಬರೆಯುತ್ತೇವೆ ಅಷ್ಟೇ.

ಈ ಅನುಲೇಪಕ ಅಂಗಾಂಶ ಮೈಯ ಬೇರೆ ಬೇರೆ ಕಡೆ ಬೇರೆ ಬೇರೆ ಆಕಾರ ತಾಳುತ್ತದೆ. ಅದು ಕೆಲಸದ ಮೇಲೆ ಹೋಗುತ್ತದೆ. ಸವೆತ ಜಾಸ್ತಿ ಇರುವ ಚರ್ಮ, ಬಾಯಿ, ಅನ್ನನಾಳದಲ್ಲಿ ಚಪ್ಪಟೆ ಕೋಶಗಳು ಹಲವು ಪದರಗಳಲ್ಲಿ ಪೇರಿಸಿಕೊಂಡಿರುತ್ತವೆ. ಶ್ವಾಸಕೋಶದ ಗಾಳಿಚೀಲಗಳಲ್ಲಿ ಒಂದೇ ಪದರ, ಅದೂ ತೀರಾ ತೆಳು. ಗಾಳಿಗೂ ರಕ್ತಕ್ಕೂ ನಡುವಿನ ಅಂತರ ಒಂದು ಮೈಕ್ರೋಮೀಟರಿಗಿಂತ ಕಡಿಮೆ. ಶ್ವಾಸನಾಳದಲ್ಲಿ ಕೋಶಗಳ ತಲೆಯ ಮೇಲೆ ಸಣ್ಣ ರೋಮಗಳಿವೆ. ದೂಳು ಅಂಟಿದ ಲೋಳೆಯನ್ನು ಗಂಟಲ ಕಡೆಗೆ ತಳ್ಳುವುದು ಅವುಗಳ ಕೆಲಸ. ವರ್ಷಗಟ್ಟಲೆ ಸಿಗರೇಟು ಸೇದಿದರೆ ಈ ರೋಮದ ಕೋಶಗಳ ಜಾಗದಲ್ಲಿ ಚಪ್ಪಟೆ ಕೋಶಗಳು ಬರುತ್ತವೆ. ಅವು ಹೊಗೆಯನ್ನು ತಾಳಿಕೊಳ್ಳುತ್ತವೆ, ಆದರೆ ಲೋಳೆಯನ್ನು ತಳ್ಳಲು ರೋಮವಿಲ್ಲ. ಆಗ ಕೆಮ್ಮಿಯೇ ಹೊರಹಾಕಬೇಕು. ದೊಡ್ಡವರಲ್ಲಿ ಬರುವ ಕ್ಯಾನ್ಸರುಗಳಲ್ಲಿ ಹೆಚ್ಚಿನ ಪಾಲು ಹುಟ್ಟುವುದು ಈ ಅನುಲೇಪಕದಲ್ಲೇ. ಸದಾ ಒಡೆದು ಹೊಸದಾಗುವ ಕೋಶಗಳು, ಹೊರಗಿನ ವಸ್ತುಗಳು ಮೊದಲು ತಾಗುವುದೂ ಇವುಗಳಿಗೇ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕರುಳಿನ ಒಳಮೈ ಬಿಡಿಸಿ ಹಾಸಿದರೆ ಟೆನಿಸ್ ಅಂಗಳದಷ್ಟಾಗುತ್ತದೆ ಎಂದು ಎಷ್ಟೋ ಪುಸ್ತಕಗಳಲ್ಲಿದೆ. 2014ರಲ್ಲಿ ಸ್ವೀಡನ್ನಿನ ಸಂಶೋಧಕರು ಮತ್ತೆ ಅಳೆದು ನೋಡಿದಾಗ ಇಡೀ ಜೀರ್ಣನಾಳದ ಒಳಮೈ ಸುಮಾರು 32 ಚದರ ಮೀಟರ್ ಬಂತು. ಅದೇನೂ ಕಡಿಮೆಯಲ್ಲ. ಟೆನಿಸ್ ಅಂಗಳ ಮಾತ್ರ ಅಲ್ಲ.

ರಕ್ತ ಹೇಗೆ ಅಂಗಾಂಶ

ನಾಲ್ಕರಲ್ಲಿ ಮಕ್ಕಳು ಅತಿ ಕಡಿಮೆ ಗಮನ ಕೊಡುವುದು ಸಂಯೋಜಕ ಅಂಗಾಂಶಕ್ಕೆ. ನನ್ನ ಮಟ್ಟಿಗೆ ಅತಿ ಸ್ವಾರಸ್ಯದ್ದು ಇದೇ. ಬೇರೆ ಅಂಗಾಂಶಗಳಲ್ಲಿ ಕೋಶಗಳದ್ದೇ ಭರಾಟೆ. ಇಲ್ಲಿ ಹಾಗಲ್ಲ, ಇಟ್ಟಿಗೆಗಿಂತ ಗಾರೆಯೇ ಜಾಸ್ತಿ. ಕೋಶಗಳು ದೂರ ದೂರ ಇರುತ್ತವೆ. ಅವುಗಳ ನಡುವೆ ತುಂಬಿಕೊಂಡ ವಸ್ತುವಿಗೆ ಮಾತೃಕೆ ಅನ್ನುತ್ತಾರೆ. ಆ ಮಾತೃಕೆ ಹೇಗಿದೆ ಅನ್ನುವುದರ ಮೇಲೆ ಅಂಗಾಂಶದ ಗುಣ ನಿಂತಿದೆ. ಕ್ಯಾಲ್ಸಿಯಂ, ರಂಜಕದ ಲವಣ ಸೇರಿ ಗಟ್ಟಿಯಾದರೆ ಮೂಳೆ. ರಬ್ಬರಿನ ಹಾಗೆ ಬಾಗುವಂತಿದ್ದರೆ ಮೃದ್ವಸ್ಥಿ, ಕಿವಿಯ ಮೇಲ್ಭಾಗ ಮುಟ್ಟಿ ನೋಡಿದರೆ ಗೊತ್ತಾಗುತ್ತದೆ. ಎಳೆಗಳು ಒಂದೇ ದಿಕ್ಕಿಗೆ ಬಿಗಿಯಾಗಿ ಸೇರಿದ್ದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು, ಮೂಳೆಯನ್ನು ಮೂಳೆಗೆ ಕಟ್ಟುವ ಅಸ್ಥಿರಜ್ಜು. ಮಾತೃಕೆಯೇ ದ್ರವವಾಗಿದ್ದರೆ?

ಅದೇ ರಕ್ತ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಅದರಲ್ಲಿ ಸುಮಾರು ಶೇ 55 ಪ್ಲಾಸ್ಮಾ, ಅದೇ ಇಲ್ಲಿನ ಮಾತೃಕೆ. ಉಳಿದದ್ದು ಕೋಶಗಳು. ಒಂದೇ ಮೂಲದಿಂದ ಬಂದ ಕೋಶಗಳು, ಮಾತೃಕೆಯಲ್ಲಿ ಹರಡಿಕೊಂಡು, ಕೂಡಿ ಒಂದು ಕೆಲಸ ಮಾಡುತ್ತವೆ. ಅಂಗಾಂಶ ಅನ್ನಿಸಿಕೊಳ್ಳಲು ಇಷ್ಟು ಸಾಕು, ಗಟ್ಟಿಯಾಗಿರಬೇಕು ಅನ್ನುವ ನಿಯಮ ಎಲ್ಲೂ ಇಲ್ಲ. ಬೇರೆ ಸಂಯೋಜಕ ಅಂಗಾಂಶಗಳಲ್ಲಿ ಎಳೆಗಳಿವೆ, ರಕ್ತದಲ್ಲಿ ಎಲ್ಲಿ ಎಂದು ನಿಮ್ಮ ಮಗಳು ಕೇಳಬಹುದು. ಕೇಳಿದರೆ ಖುಷಿಪಡಿ. ಎಳೆಯ ಕಚ್ಚಾವಸ್ತು ಫೈಬ್ರಿನೊಜೆನ್ ಪ್ಲಾಸ್ಮಾದಲ್ಲಿ ಕರಗಿಕೊಂಡೇ ಇರುತ್ತದೆ. ಗಾಯವಾದಾಗ ಅದು ಫೈಬ್ರಿನ್ ಎಳೆಗಳಾಗಿ ಬಲೆ ಹೆಣೆಯುತ್ತದೆ. ಹೆಪ್ಪು ಅನ್ನುವುದು ಅದನ್ನೇ.

ಈ ಎಳೆಗಳ ವಿಷಯಕ್ಕೆ ಬಂದರೆ ಸ್ಕರ್ವಿ ಅನ್ನುವ ಕಾಯಿಲೆಯನ್ನು ನೆನೆಯದೆ ಇರಲಾಗದು. ಸಂಯೋಜಕ ಅಂಗಾಂಶಕ್ಕೆ ಬಲ ಕೊಡುವ ಪ್ರೋಟೀನ್ ಕೊಲಾಜೆನ್. ಮೈಯಲ್ಲಿರುವ ಒಟ್ಟು ಪ್ರೋಟೀನಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಅದೇ. ಕೊಲಾಜೆನ್ ಸರಿಯಾಗಿ ಹೆಣೆದುಕೊಳ್ಳಲು ವಿಟಮಿನ್ ಸಿ ಬೇಕು. ತಿಂಗಳುಗಟ್ಟಲೆ ಹಡಗಿನಲ್ಲಿ ತಾಜಾ ಹಣ್ಣು, ತರಕಾರಿ ಕಾಣದ ನಾವಿಕರ ವಸಡು ಊದಿ ರಕ್ತ ಸುರಿಯುತ್ತಿತ್ತು, ಹಲ್ಲು ಅಲ್ಲಾಡುತ್ತಿತ್ತು, ಎಂದೋ ಮಾಗಿದ ಹಳೆಯ ಗಾಯ ಮತ್ತೆ ಬಾಯಿ ಬಿಡುತ್ತಿತ್ತು. ಹಳೆಯ ಗಾಯ ಬಿಚ್ಚಿಕೊಳ್ಳುವುದು ಯಾಕೆ ಗೊತ್ತಾ? ಮಾಗಿದ ಜಾಗದ ಕೊಲಾಜೆನ್ ಕೂಡ ಸತತವಾಗಿ ಕರಗಿ ಹೊಸದಾಗುತ್ತಿರುತ್ತದೆ. ಹೊಸದು ಬರದಿದ್ದರೆ ಹಳೆಯದು ಕರಗುತ್ತಾ ಹೋಗುತ್ತದೆ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯರು 12 ಮಂದಿ ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಮದ್ದು ಕೊಟ್ಟು ನೋಡಿದರು. ಕಿತ್ತಳೆ, ನಿಂಬೆ ತಿಂದ ಜೋಡಿ ಕೆಲವೇ ದಿನಗಳಲ್ಲಿ ಚೇತರಿಸಿಕೊಂಡಿತು. ವಿಟಮಿನ್ ಎಂಬ ಕಲ್ಪನೆಯೇ ಆಗ ಇರಲಿಲ್ಲ. ಒಂದೇ ಅಂಗಾಂಶ ಕೆಟ್ಟರೆ ಬಾಯಿ, ಚರ್ಮ, ರಕ್ತನಾಳ, ಕೀಲು ಎಲ್ಲಾ ಕಡೆ ಒಟ್ಟಿಗೆ ತೊಂದರೆ. ಅಂಗಾಂಶಗಳನ್ನು ಬೇರೆಯಾಗಿ ಓದುವುದರ ಲಾಭ ಇಲ್ಲಿ ಕಾಣುತ್ತದೆ. ವ್ಯೂಹಗಳ ಪಟ್ಟಿ ಹಿಡಿದು ನೋಡಿದರೆ ಇದು ನಾಲ್ಕೈದು ಬೇರೆ ಬೇರೆ ಕಾಯಿಲೆಗಳ ಹಾಗೆ ತೋರುತ್ತದೆ.

ಇನ್ನೊಂದು ಉಪಯೋಗದ ಮಾತು. ಮೂಳೆ ಮುರಿದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಮಂಡಿಯ ಮೃದ್ವಸ್ಥಿ ಹರಿದರೆ ವರ್ಷವಾದರೂ ತಕರಾರು. ಮೂಳೆಯೊಳಗೆ ರಕ್ತನಾಳಗಳು ಧಾರಾಳ, ಮೃದ್ವಸ್ಥಿಯಲ್ಲಿ ಇಲ್ಲವೇ ಇಲ್ಲ. ರಿಪೇರಿಗೆ ಬೇಕಾದ ಕೋಶಗಳೂ ಪೋಷಕಾಂಶಗಳೂ ಅಲ್ಲಿಗೆ ತಲುಪುವುದೇ ಕಷ್ಟ.

ಸ್ನಾಯು ಮತ್ತು ನರದ ಬಗ್ಗೆ ಬೇಗ ಮುಗಿಸುತ್ತೇನೆ, ಪುಸ್ತಕದಲ್ಲಿ ಚೆನ್ನಾಗಿಯೇ ಇರುತ್ತದೆ. ಸ್ನಾಯು ಮೂರು ಬಗೆ: ಮೂಳೆಗೆ ಅಂಟಿದ, ನಾವು ಬೇಕೆಂದಾಗ ಆಡಿಸುವ ಅಸ್ಥಿಸ್ನಾಯು, ಕರುಳು, ರಕ್ತನಾಳದ ಗೋಡೆಯಲ್ಲಿ ತನ್ನಷ್ಟಕ್ಕೆ ಕೆಲಸ ಮಾಡುವ ನಯಸ್ನಾಯು, ಹೃದಯ ಸ್ನಾಯು. ಹೃದಯದ ಕೋಶಗಳು ಒಂದಕ್ಕೊಂದು ಸಣ್ಣ ದ್ವಾರಗಳ ಮೂಲಕ ಕೂಡಿಕೊಂಡಿರುವುದರಿಂದ ಒಂದು ಕಡೆ ಹುಟ್ಟಿದ ವಿದ್ಯುತ್ ಸಂಕೇತ ಎಲ್ಲಕ್ಕೂ ಹಬ್ಬಿ, ಇಡೀ ಕೋಣೆ ಒಟ್ಟಿಗೆ ಕುಗ್ಗುತ್ತದೆ. ನರ ಅಂಗಾಂಶದಲ್ಲಿ ಸಂಕೇತ ಒಯ್ಯುವ ನರಕೋಶಗಳಿವೆ, ಅವುಗಳಿಗೆ ಆಸರೆಯಾಗಿರುವ ಗ್ಲಿಯಾ ಕೋಶಗಳಿವೆ. ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳು. ಕೊಬ್ಬಿನ ಹೊದಿಕೆಯಿರುವ ವೇಗದ ನರತಂತುಗಳಲ್ಲಿ ಸಂಕೇತ ಸೆಕೆಂಡಿಗೆ 100 ಮೀಟರಿಗಿಂತಲೂ ಜೋರಾಗಿ ಓಡುತ್ತದೆ. ಹೊದಿಕೆಯಿಲ್ಲದ ತೆಳು ತಂತುಗಳಲ್ಲಿ ಸೆಕೆಂಡಿಗೆ ಒಂದೆರಡು ಮೀಟರ್ ಅಷ್ಟೇ. ಕಾಲ್ಬೆರಳು ಎಡವಿದಾಗ ಮೊದಲು ಚುರುಕ್ ಅಂದು, ಸ್ವಲ್ಪ ತಡವಾಗಿ ಮಂದ ನೋವು ಬರುವುದು ಈ ವ್ಯತ್ಯಾಸದಿಂದ.

ಮೆಟ್ಟಿಲು ಹತ್ತುವಾಗ

ಈಗ ನಿಜವಾದ ಪ್ರಶ್ನೆಗೆ ಬರೋಣ. ಮೂರನೇ ಮಹಡಿಗೆ ಓಡಿ ಹತ್ತುತ್ತಿದ್ದೀರಿ ಅಂದುಕೊಳ್ಳಿ.

ಮೊದಲ ಕೆಲವು ಸೆಕೆಂಡು ಕಾಲಿನ ಸ್ನಾಯು ಯಾರನ್ನೂ ಕೇಳುವುದಿಲ್ಲ. ತನ್ನೊಳಗೆ ಇಟ್ಟುಕೊಂಡ ಎಟಿಪಿ, ಕ್ರಿಯಾಟಿನ್ ಫಾಸ್ಫೇಟ್ ಎಂಬ ಶಕ್ತಿಯ ದಾಸ್ತಾನಿನಲ್ಲೇ ನಡೆಸಿಕೊಳ್ಳುತ್ತದೆ. ಆದರೆ ಹೃದಯ ಆಗಲೇ ಜೋರಾಗಿರುತ್ತದೆ. ಸ್ನಾಯುವಿಗೆ ಆಮ್ಲಜನಕ ಕಡಿಮೆ ಬೀಳುವವರೆಗೆ ಅದು ಕಾಯುವುದಿಲ್ಲ. ಕಾಲಿಗೆ ಓಡು ಎಂದು ಸಂಕೇತ ಕಳಿಸುವಾಗಲೇ ಮೆದುಳು ಹೃದಯ, ಉಸಿರಾಟ ನೋಡಿಕೊಳ್ಳುವ ತನ್ನ ಬುಡದ ಭಾಗಕ್ಕೂ ಸುದ್ದಿ ಮುಟ್ಟಿಸುತ್ತದೆ. ಇಲ್ಲಿಯವರೆಗೆ ನಿಮ್ಮ ಊಹೆ ಸರಿ, ಅಪ್ಪಣೆ ಮೆದುಳಿನದ್ದೇ.

ಆದರೆ ಅದು ಎಂಥ ಅಪ್ಪಣೆ? ಹೃದಯಕ್ಕೆ ಬಡಿ ಎಂದು ಮೆದುಳು ಹೇಳಬೇಕಿಲ್ಲ. ಬಡಿತ ಹುಟ್ಟುವುದು ಹೃದಯದ ಬಲ ಮೇಲ್ಕೋಣೆಯಲ್ಲಿರುವ ಒಂದು ಪುಟ್ಟ ಕೋಶಗುಂಪಿನಲ್ಲಿ. ಅದನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ಸುಮ್ನೆ ಕೂತಾಗ ನಿಮ್ಮ ಬಡಿತ 70ರ ಆಸುಪಾಸು ಇರುವುದು, ವೇಗಸ್ ಎಂಬ ನರ ಅದನ್ನು ಸದಾ ಹಿಡಿದಿಟ್ಟಿರುವುದರಿಂದ. ಓಟ ಶುರುವಾದಾಗ ಮೆದುಳು ಮೊದಲು ಮಾಡುವುದು ಆ ಹಿಡಿತ ಸಡಿಲಿಸುವುದು. ಆಮೇಲಷ್ಟೇ ಹುರಿದುಂಬಿಸುವ ನರಗಳೂ ಅಡ್ರಿನಲ್ ಗ್ರಂಥಿಯಿಂದ ಬರುವ ಅಡ್ರಿನಲಿನ್ನೂ ಸೇರಿಕೊಳ್ಳುತ್ತವೆ.

ಇದಕ್ಕೆ ಸಾಕ್ಷಿ ಬೇಕಾದರೆ ಹೃದಯ ಕಸಿ ಮಾಡಿಸಿಕೊಂಡವರನ್ನು ನೋಡಿ. ಮನುಷ್ಯನಿಂದ ಮನುಷ್ಯನಿಗೆ ಮೊದಲ ಹೃದಯ ಕಸಿ ನಡೆದದ್ದು 1967ರಲ್ಲಿ, ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ, ಕ್ರಿಸ್ಟಿಯಾನ್ ಬರ್ನಾರ್ಡ್ ಅವರ ಕೈಯಲ್ಲಿ. ಕಸಿ ಮಾಡುವಾಗ ರಕ್ತನಾಳ ಹೊಲಿಯುತ್ತಾರೆ, ನರಗಳನ್ನು ಜೋಡಿಸಲು ಆಗುವುದಿಲ್ಲ. ಹಾಗಾಗಿ ಆ ಹೃದಯ ಕೂತಾಗಲೂ ನಿಮಿಷಕ್ಕೆ 90ರಿಂದ 110 ಸಲ ಬಡಿಯುತ್ತದೆ. ಅಂಥವರು ಮೆಟ್ಟಿಲು ಹತ್ತಲು ಶುರುಮಾಡಿದರೆ ಬಡಿತ ತಕ್ಷಣ ಏರುವುದಿಲ್ಲ. ರಕ್ತದಲ್ಲಿ ಅಡ್ರಿನಲಿನ್ ಬಂದು ಮುಟ್ಟುವವರೆಗೆ ನಿಧಾನಕ್ಕೆ ಏರುತ್ತದೆ, ನಿಂತ ಮೇಲೂ ನಿಧಾನಕ್ಕೇ ಇಳಿಯುತ್ತದೆ. ಆದರೂ ಅವರು ನಡೆಯುತ್ತಾರೆ, ಹತ್ತುತ್ತಾರೆ, ಕೆಲಸ ಮಾಡುತ್ತಾರೆ. ನರದ ಸುದ್ದಿ ಬೇಗ ಮುಟ್ಟುತ್ತದೆ, ರಕ್ತದ ಸುದ್ದಿ ತಡವಾಗಿ. ಒಂದಿಲ್ಲದಿದ್ದರೆ ಇನ್ನೊಂದು ಸಾಕಷ್ಟು ದೂರ ನಡೆಸುತ್ತದೆ.

ಇಷ್ಟರಲ್ಲಿ ತೊಡೆಯ ಸ್ನಾಯುವಿನಲ್ಲಿ ಮೆದುಳಿನ ಪಾಲಿಲ್ಲದ ಕೆಲಸವೊಂದು ನಡೆದಿರುತ್ತದೆ. ದುಡಿಯುವ ಸ್ನಾಯುವಿನಿಂದ ಇಂಗಾಲದ ಡೈಆಕ್ಸೈಡ್, ಆಮ್ಲ, ಪೊಟ್ಯಾಷಿಯಂ, ಬಿಸಿ ಎಲ್ಲಾ ಹೊರಬರುತ್ತವೆ. ಇವು ತಾಗಿದರೆ ಅಲ್ಲಿನ ಸಣ್ಣ ರಕ್ತನಾಳಗಳ ನಯಸ್ನಾಯು ಸಡಿಲವಾಗುತ್ತದೆ, ನಾಳ ಅಗಲವಾಗುತ್ತದೆ. ಎಲ್ಲಿ ದುಡಿಮೆಯೋ ಅಲ್ಲಿಗೆ ರಕ್ತ ತಾನಾಗಿ ಜಾಸ್ತಿ ನುಗ್ಗುತ್ತದೆ. ಅದೇ ಬಿಸಿ, ಅದೇ ಆಮ್ಲ ಇನ್ನೊಂದು ಉಪಕಾರ ಮಾಡುತ್ತವೆ: ಹಿಮೊಗ್ಲೋಬಿನ್ ಆಮ್ಲಜನಕವನ್ನು ಸುಲಭವಾಗಿ ಬಿಟ್ಟುಕೊಡುವಂತೆ ಮಾಡುತ್ತವೆ. ಕಸ ಅಂದುಕೊಂಡದ್ದೇ ಇಲ್ಲಿ ಬೇಡಿಕೆಯ ಸೂಚನೆ. ಅತ್ತ ಕರುಳು, ಕಿಡ್ನಿಗಳ ನಾಳಗಳನ್ನು ನರಗಳು ಬಿಗಿಯುತ್ತವೆ. ಕೂತಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಪಂಪು ಮಾಡುತ್ತದೆ, ಅದರಲ್ಲಿ ಸುಮಾರು ಐದನೇ ಒಂದು ಪಾಲು ಸ್ನಾಯುಗಳಿಗೆ. ಕಠಿಣ ವ್ಯಾಯಾಮದಲ್ಲಿ ಅದು 20 ಲೀಟರ್ ದಾಟಬಹುದು, ಆಗ ಶೇ 80ರಷ್ಟು ಸ್ನಾಯುಗಳದ್ದೇ. ಹೊಟ್ಟೆ ತುಂಬ ಉಂಡು ಓಡಿದರೆ ಸಂಕಟವಾಗುತ್ತದಲ್ಲ, ಕರುಳಿಗೂ ಕಾಲಿಗೂ ಒಂದೇ ರಕ್ತಕ್ಕಾಗಿ ಪೈಪೋಟಿ ನಡೆಯುವುದೂ ಅದಕ್ಕೊಂದು ಕಾರಣ.

ಅಷ್ಟು ರಕ್ತ ಮೇಲಕ್ಕೆ ವಾಪಸ್ ಬರಬೇಕಲ್ಲ. ಅಲ್ಲಿ ಹೃದಯಕ್ಕೆ ನೆರವಾಗುವುದು ಕಾಲೇ. ಮೀನಖಂಡ ಬಿಗಿಯಾದಾಗಲೆಲ್ಲ ಪಕ್ಕದ ಅಭಿಧಮನಿಗಳು ಹಿಂಡಿಕೊಂಡು ರಕ್ತ ಮೇಲೇರುತ್ತದೆ, ಕವಾಟಗಳು ಅದನ್ನು ಕೆಳಗೆ ಜಾರಲು ಬಿಡುವುದಿಲ್ಲ. ಉಸಿರು ಎಳೆದುಕೊಂಡಾಗ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಯಾದ ವಪೆ ಕೆಳಗಿಳಿದು ಎದೆಯೊಳಗಿನ ಒತ್ತಡ ತಗ್ಗುತ್ತದೆ. ಗಾಳಿಯ ಜೊತೆಗೆ ರಕ್ತವೂ ಎದೆಯ ಕಡೆಗೆ ಸೆಳೆದುಕೊಳ್ಳುತ್ತದೆ. ಉಸಿರಾಟದ್ದು ಎಂದು ಓದಿದ ಸ್ನಾಯು ರಕ್ತಪರಿಚಲನೆಗೂ ದುಡಿಯುತ್ತಿದೆ, ಅಲ್ವಾ?

ಉಸಿರಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ತುಂಬಾ ಜನರಲ್ಲಿದೆ. ಆಮ್ಲಜನಕ ಕಡಿಮೆಯಾದದ್ದಕ್ಕೆ ಏದುಸಿರು ಬರುತ್ತದೆ ಎಂದು. ಉಸಿರಾಟದ ಹದವನ್ನು ಮುಖ್ಯವಾಗಿ ಕಾಯುವುದು ಇಂಗಾಲದ ಡೈಆಕ್ಸೈಡ್. ಉಸಿರು ಬಿಗಿಹಿಡಿದಾಗ ಇನ್ನು ಆಗದು ಅನ್ನಿಸುವುದು ಅದು ಏರಿದ್ದರಿಂದ. ನೀರಿಗೆ ಧುಮುಕುವ ಮುಂಚೆ ಜೋರಾಗಿ ಹತ್ತಾರು ಸಲ ಉಸಿರಾಡುವ ಚಾಳಿ ಅಪಾಯ ಅನ್ನುವುದು ಇದಕ್ಕೇ. ಇಂಗಾಲದ ಡೈಆಕ್ಸೈಡ್ ಹೊರಹೋಗಿರುತ್ತದೆ, ಉಸಿರು ಬೇಕು ಅನ್ನಿಸುವ ಮೊದಲೇ ಆಮ್ಲಜನಕ ತೀರಿ ನೀರಿನೊಳಗೇ ಪ್ರಜ್ಞೆ ತಪ್ಪಬಹುದು. ಮಕ್ಕಳಿಗೆ ಈಜು ಕಲಿಸುವವರು ಇದನ್ನು ಹೇಳಲೇಬೇಕು. ಇನ್ನು ಮೆಟ್ಟಿಲು ಹತ್ತುವಾಗ ಅಪಧಮನಿಯ ರಕ್ತದಲ್ಲಿ ಈ ಅನಿಲ ಹೆಚ್ಚು ಬದಲಾಗುವುದೇ ಇಲ್ಲ. ಮೆದುಳಿನ ಮುಂಗಡ ಸುದ್ದಿ, ಸ್ನಾಯು ಮತ್ತು ಕೀಲುಗಳಿಂದ ಹೋಗುವ ಸುದ್ದಿ ಎರಡೂ ಸೇರಿ ಉಸಿರನ್ನು ಮೊದಲೇ ಏರಿಸಿರುತ್ತವೆ. ಸಣ್ಣಪುಟ್ಟ ಏರುಪೇರನ್ನು ರಕ್ತದ ರಸಾಯನ ಸರಿಮಾಡುತ್ತದೆ.

ನರವೇ ಇಲ್ಲದೆ ಸುದ್ದಿ

ಅಂಗಗಳ ನಡುವಿನ ಮಾತುಕತೆಯೆಲ್ಲ ನರಗಳ ಮೂಲಕವೇ ಎಂದು ಒಂದು ಕಾಲದಲ್ಲಿ ದೊಡ್ಡ ದೊಡ್ಡವರೇ ನಂಬಿದ್ದರು. 1902ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ನಾಯಿಯೊಂದರ ಮೇಲೆ ಪ್ರಯೋಗ ಮಾಡಿದರು. ಜಠರದ ಆಮ್ಲ ಸಣ್ಣ ಕರುಳಿಗೆ ಇಳಿದ ಕೂಡಲೇ ಮೇದೋಜೀರಕ ಗ್ರಂಥಿ ರಸ ಸುರಿಸುತ್ತದೆ. ಇದು ನರದ ಕೆಲಸವಾ ಎಂದು ನೋಡಲು ಅವರು ಕರುಳಿನ ಒಂದು ತುಂಡಿನ ನರಗಳನ್ನೆಲ್ಲ ಕತ್ತರಿಸಿ, ರಕ್ತನಾಳಗಳನ್ನು ಮಾತ್ರ ಉಳಿಸಿ, ಒಳಗೆ ಆಮ್ಲ ಬಿಟ್ಟರು. ಗ್ರಂಥಿ ರಸ ಸುರಿಸಿತು. ನರವಿಲ್ಲದೆ ಸುದ್ದಿ ಹೇಗೆ ಹೋಯಿತು? ಕರುಳಿನ ಒಳಪದರವನ್ನು ಕೆರೆದು, ಆಮ್ಲದ ಜೊತೆ ಅರೆದು, ಆ ರಸವನ್ನು ರಕ್ತಕ್ಕೆ ಚುಚ್ಚಿದರು. ಮತ್ತೆ ಗ್ರಂಥಿ ಸುರಿಸಿತು. ಆ ವಸ್ತುವೇ ಸೆಕ್ರೆಟಿನ್. ಅದನ್ನು ತಯಾರಿಸಿದ್ದು ಕರುಳಿನ ಅನುಲೇಪಕ ಅಂಗಾಂಶ. ಹೊದಿಕೆ ಎಂದು ಓದುವ ಅಂಗಾಂಶವೇ ಇಲ್ಲಿ ಆಮ್ಲವನ್ನು ಗುರುತಿಸುತ್ತದೆ, ರಕ್ತದಲ್ಲಿ ಸುದ್ದಿ ಕಳಿಸುತ್ತದೆ. ಮೇದೋಜೀರಕದಿಂದ ಬರುವ ಕ್ಷಾರ ಆ ಆಮ್ಲವನ್ನು ತಟಸ್ಥ ಮಾಡುತ್ತದೆ. ಆಮ್ಲ ಹೋದರೆ ಸೆಕ್ರೆಟಿನ್ನೂ ನಿಲ್ಲುತ್ತದೆ. ನಿಲ್ಲಿಸು ಎಂದು ಯಾರೂ ಬೇರೆಯಾಗಿ ಹೇಳಬೇಕಿಲ್ಲ.

ವ್ಯೂಹಗಳು ಹೇಗೆ ಕೂಡಿ ಕೆಲಸ ಮಾಡುತ್ತವೆ ಎಂದು ತೋರಿಸಲು ನನಗೆ ಇಷ್ಟವಾದ ಉದಾಹರಣೆ ಕ್ಯಾಲ್ಸಿಯಂ. ಮೈಯಲ್ಲಿರುವ ಕ್ಯಾಲ್ಸಿಯಂನಲ್ಲಿ ಸುಮಾರು ಶೇ 99 ಮೂಳೆ, ಹಲ್ಲುಗಳಲ್ಲಿದೆ. ರಕ್ತದಲ್ಲಿರುವುದು 100 ಮಿಲಿಲೀಟರಿಗೆ ಹೆಚ್ಚುಕಡಿಮೆ 8.5ರಿಂದ 10.5 ಮಿಲಿಗ್ರಾಂ. ಅದು ಇಳಿದರೆ ನರಗಳು ಸುಮ್ಮಸುಮ್ಮನೆ ಸಿಡಿಯತೊಡಗಿ ಕೈಕಾಲು ಸೆಳೆದುಕೊಳ್ಳುತ್ತವೆ. ಇದನ್ನು ಕಾಯುವುದು ಕುತ್ತಿಗೆಯಲ್ಲಿರುವ, ಕೆಲವೇ ಮಿಲಿಮೀಟರ್ ಉದ್ದದ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳು. ಕ್ಯಾಲ್ಸಿಯಂ ಇಳಿದ ಕೂಡಲೇ ಅವು ಹಾರ್ಮೋನ್ ಬಿಡುತ್ತವೆ. ಮೂಳೆ ಸ್ವಲ್ಪ ಕ್ಯಾಲ್ಸಿಯಂ ಬಿಟ್ಟುಕೊಡುತ್ತದೆ, ಕಿಡ್ನಿ ಮೂತ್ರಕ್ಕೆ ಹೋಗುವುದನ್ನು ತಡೆಹಿಡಿಯುತ್ತದೆ. ಅದೇ ಕಿಡ್ನಿ ವಿಟಮಿನ್ ಡಿಯನ್ನು ಕೆಲಸಕ್ಕೆ ಬರುವ ರೂಪಕ್ಕೆ ತರುತ್ತದೆ, ಆಗ ಕರುಳು ಆಹಾರದಿಂದ ಜಾಸ್ತಿ ಕ್ಯಾಲ್ಸಿಯಂ ಹೀರುತ್ತದೆ. ಆ ವಿಟಮಿನ್ ಡಿ ಮೊದಲು ಹುಟ್ಟಿದ್ದು ಬಿಸಿಲು ಬಿದ್ದ ಚರ್ಮದಲ್ಲಿ, ಅರ್ಧ ಸಿದ್ಧವಾದದ್ದು ಲಿವರಿನಲ್ಲಿ. ಚರ್ಮ, ಲಿವರ್, ಕಿಡ್ನಿ, ಕರುಳು, ಮೂಳೆ, ಗ್ರಂಥಿ, ರಕ್ತ: ಇಷ್ಟೂ ಸೇರಿದರೆ ನಿಮ್ಮ ಬೆರಳು ಸರಿಯಾಗಿ ಮಡಚುತ್ತದೆ. ಮೆದುಳು ಈ ಇಡೀ ವ್ಯವಹಾರದಲ್ಲಿ ತಲೆ ಹಾಕುವುದೇ ಇಲ್ಲ ಎನ್ನಬಹುದು. ಕಿಡ್ನಿ ಕೆಟ್ಟವರಲ್ಲಿ ಮೂಳೆ ದುರ್ಬಲವಾಗುವುದು ಯಾಕೆ ಎಂದು ಇದರಿಂದ ತಿಳಿಯುತ್ತದೆ. ಅವರಿಗೆ ರಕ್ತಹೀನತೆಯೂ ಬರುತ್ತದೆ. ಕೆಂಪು ರಕ್ತಕಣ ಮಾಡು ಎಂದು ಮೂಳೆಯೊಳಗಿನ ಮಜ್ಜೆಗೆ ಹೇಳುವ ಎರಿಥ್ರೋಪೊಯೆಟಿನ್ ಬರುವುದೂ ಮುಖ್ಯವಾಗಿ ಕಿಡ್ನಿಯಿಂದಲೇ. ಆರೋಗ್ಯವಂತರ ಮಜ್ಜೆ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪುಕಣ ತಯಾರಿಸುತ್ತದೆ. ಒಂದೊಂದರ ಆಯಸ್ಸು ಸುಮಾರು 120 ದಿನ.

ಪ್ರಾಣಿ ಅಂಗಾಂಶ ಅಂದರೆ ಮನುಷ್ಯನದ್ದು ಮಾತ್ರ ಅಲ್ಲ ಅನ್ನುವುದನ್ನೂ ಮಗಳಿಗೆ ಹೇಳಿ. ಸ್ಪಂಜು ಪ್ರಾಣಿಗಳಲ್ಲಿ ನಿಜವಾದ ಅಂಗಾಂಶಗಳೇ ಇಲ್ಲ, ಕೋಶಗಳ ಸಡಿಲ ಕೂಟ ಅಷ್ಟೇ. ಲೋಳೆಮೀನಿನಲ್ಲಿ ನರ ಇದೆ, ಸ್ನಾಯುವಿನಂತೆ ಕುಗ್ಗುವ ಕೋಶಗಳಿವೆ, ಹೃದಯ ಇಲ್ಲ, ರಕ್ತ ಇಲ್ಲ. ಮಿಡತೆಗೆ ಹೃದಯ ಇದೆ, ಆದರೆ ಅದರ ರಕ್ತ ಆಮ್ಲಜನಕ ಹೊರುವುದಿಲ್ಲ. ಮೈ ಪಕ್ಕದ ರಂಧ್ರಗಳಿಂದ ಹೊರಟ ಗಾಳಿಕೊಳವೆಗಳು ಕೋಶಗಳ ಹತ್ತಿರದವರೆಗೆ ನೇರ ಹೋಗುತ್ತವೆ. ಅಲ್ಲಿ ಉಸಿರಾಟಕ್ಕೂ ರಕ್ತಪರಿಚಲನೆಗೂ ನಮ್ಮಲ್ಲಿರುವ ನಂಟು ಇಲ್ಲ.

ಕೊನೆಗೆ ನಾಲ್ಕು, ಹನ್ನೊಂದು ಅನ್ನುವ ಲೆಕ್ಕ. ಫ್ರಾನ್ಸಿನ ಅಂಗರಚನಾ ತಜ್ಞ ಕ್ಸೇವಿಯರ್ ಬಿಷಾ, 1802ರಲ್ಲಿ 30ನೇ ವಯಸ್ಸಿಗೇ ತೀರಿಕೊಂಡವರು, ಅಂಗಾಂಶಗಳನ್ನು 21 ಬಗೆಯಾಗಿ ವಿಂಗಡಿಸಿದ್ದರು. ಅದೂ ಸೂಕ್ಷ್ಮದರ್ಶಕ ಬಳಸದೆ. ಬೇಯಿಸಿ, ಒಣಗಿಸಿ, ಆಮ್ಲದಲ್ಲಿ ನೆನೆಸಿ, ಕೊಳೆಯಲು ಬಿಟ್ಟು. ಕೋಶಗಳು ಕಾಣತೊಡಗಿದ ಮೇಲೆ ಆ ಪಟ್ಟಿ ನಾಲ್ಕಕ್ಕೆ ಇಳಿಯಿತು, ಅದನ್ನು ಈಗ ಎಲ್ಲರೂ ಒಪ್ಪುತ್ತಾರೆ. ಹನ್ನೊಂದು ಅಷ್ಟು ಗಟ್ಟಿಯಲ್ಲ. ಕೆಲವರು ಮೂಳೆ, ಸ್ನಾಯುಗಳನ್ನು ಒಂದೇ ವ್ಯೂಹ ಅನ್ನುತ್ತಾರೆ. ದುಗ್ಧರಸ ವ್ಯೂಹವನ್ನು ಕೆಲವರು ರಕ್ತಪರಿಚಲನೆಗೆ ಸೇರಿಸುತ್ತಾರೆ, ಕೆಲವರು ರೋಗನಿರೋಧಕ್ಕೆ. ಪರೀಕ್ಷೆಯಲ್ಲಿ ಅವಳ ಪುಸ್ತಕದಲ್ಲಿರುವ ಸಂಖ್ಯೆಯನ್ನೇ ಬರೆಯಲಿ, ಅಂಕ ಅದಕ್ಕೇ. ಜಠರದ ಪ್ರಶ್ನೆ ಬಂದರೆ ಮಾತ್ರ ಚಿತ್ರ ಬರೆದು ನಾಲ್ಕೂ ಅಂಗಾಂಶಗಳನ್ನು ಗುರುತಿಸಲಿ. ನರದ ಬಲೆಯನ್ನು ಉದ್ದಕ್ಕಿರುವ ಮತ್ತು ಸುತ್ತಲೂ ಇರುವ ಸ್ನಾಯು ಪದರಗಳ ನಡುವೆಯೇ ತೋರಿಸಬೇಕು, ಹೆಚ್ಚಿನವರು ಅದನ್ನು ಬಿಟ್ಟುಬಿಡುತ್ತಾರೆ.